ಒಂದೂಕಾಲು ಸೆಕೆಂಡು

ಡೆಬ್ರೆಟ್ಸೆನ್ನಿನ ಮೇಷ್ಟ್ರು ಕಾಲ್ಮಾನ್ ಮಾರುವಾಗಲೇ ಹೇಳಿದ್ದರು:
ಇದು ನೋಡುವುದಕ್ಕೆ, ಫೋಟೋಕ್ಕಲ್ಲ.
ಮೋಟಾರಿಲ್ಲ, ಆಕಾಶದ ಹಿಂದೆ ಓಡಲು ಬರುವುದಿಲ್ಲ.
ಬೀರುವಿನ ಬಾಗಿಲು ಕೊಯ್ದು ಮಾಡಿದ ಪೆಟ್ಟಿಗೆ,
ಅದರಲ್ಲಿ ಫಿರಂಗಿಯ ಹಾಗೆ ಕೂತ ಕೊಳವೆ,
ಕೈಯಿಂದ ತಳ್ಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನಗೆ ಸರಿಹೋಯಿತು.
ಹೊರ್ತೋಬಾದಿನ ಬಯಲಲ್ಲಿ ಮೂವತ್ತೊಂದು ವರ್ಷದಿಂದ
ರೈಲ್ವೆ ಗೇಟನ್ನು ಕೈಯಲ್ಲೇ ತಿರುಗಿಸಿ ಇಳಿಸುವವನು ನಾನು.

ಮೊದಲ ರಾತ್ರಿ ಫೋಕಸ್ಸೇ ಸಿಗಲಿಲ್ಲ.
ಎರಡನೆಯ ರಾತ್ರಿಯೂ.
ಕೊನೆಗೆ ತಳದ ಕನ್ನಡಿಯನ್ನೇ
ಉದ್ದನೆಯ ತಿರುಪು ಹಾಕಿ ಎರಡು ಬೆರಳು ಮೇಲೆ ದೂಡಿದೆ.
ಗೋಲಿಯಷ್ಟಿದ್ದ ನಕ್ಷತ್ರ ಸಾಸಿವೆಯಾಯಿತು,
ಸಾಸಿವೆ ಗಸಗಸೆಯಾಯಿತು.
ಕೆಮ್ಮಿದೆ. ಗಸಗಸೆ ಚೆಲ್ಲಾಡಿತು.

ನಮ್ಮ ಅಜ್ಜಂದಿರಿಗೆ ಆ ಮೂರು ನಕ್ಷತ್ರ
ಸಾಲಾಗಿ ಹುಲ್ಲು ಕೊಯ್ಯುವವರು;
ಕೃತ್ತಿಕೆ, ಮರಿಗಳ ಜೊತೆ ಹೊರಟ ಹೇಂಟೆ.
ಕೊಯ್ಯುವವರ ಕಾಲ ಬುಡದಲ್ಲಿ
ಬೂದಿಯಲ್ಲಿ ಉಳಿದ ಕೆಂಡದಂಥ ಒಂದು ಮಂಕು.
ಅದು ನನಗೆ ಬೇಕು.

ಏತದ ಬಾವಿಯ ಪಕ್ಕ ಕೊಳವೆ ನಿಲ್ಲಿಸಿದ್ದೇನೆ.
ಎರಡರದೂ ಒಂದೇ ಸೊಂಟನೋವು: ಬಾಗು, ಎತ್ತು, ಬಾಗು.
ಎರಡು ಸೆಕೆಂಡು ತೆರೆದಿಟ್ಟರೆ ನಕ್ಷತ್ರ ಅಕ್ಕಿಕಾಳು,
ಹತ್ತಕ್ಕೆ ಹುಳ.
ಒಂದೂಕಾಲು, ಅಷ್ಟೇ ನನ್ನ ಪಾಲು.
ನಾಲ್ಕು ನಿಮಿಷಕ್ಕೆ ಕೆಂಡ ಚೌಕಟ್ಟು ದಾಟಿ ಹೋಗುತ್ತದೆ.
ಕೊಳವೆಯನ್ನು ತುಸು ಪಡುವಣಕ್ಕೆ ನೂಕುತ್ತೇನೆ,
ಬಾಗಿಲಲ್ಲಿ ಮಲಗಿದ ನಾಯಿಯನ್ನು
ಎಚ್ಚರಿಸದೆ ಸರಿಸುವಷ್ಟು ಮೆಲ್ಲಗೆ.

ಹನ್ನೊಂದು ನಲವತ್ತರ ಗೂಡ್ಸಿಗೆ ಮೊದಲು ನಿಲ್ಲಿಸಬೇಕು.
ಗೇಟು ಇಳಿಸಿ, ದೀಪ ಹಿಡಿದು ನಿಲ್ಲುತ್ತೇನೆ.
ಐವತ್ತೆರಡು ವ್ಯಾಗನ್ನು.
ನೆಲದ ನಡುಕ ಆರಲು ಇನ್ನೆರಡು ನಿಮಿಷ.
ಇಷ್ಟು ವರ್ಷ ರೈಲು ಓಡುತ್ತದೆ, ನಾನು ನಿಂತಿದ್ದೇನೆ ಅಂದುಕೊಂಡಿದ್ದೆ.
ಗೇಟು, ಕಾವಲು ಕೋಣೆ, ಕೋಣೆಯ ಒಲೆ, ಒಲೆಯ ಮೇಲಿನ ಕೆಟಲು
ಎಲ್ಲವೂ ಮೂಡಣಕ್ಕೆ ಓಡುತ್ತಿವೆಯಂತೆ, ಸೀಟಿಯಿಲ್ಲದೆ.
ಆ ಕೆಂಡವೇ, ಪ್ಲಾಟ್‌ಫಾರ್ಮಿನಲ್ಲಿ ಕೈಬೀಸುತ್ತ ನಿಂತವರ ಹಾಗೆ,
ಹಿಂದೆ ಹಿಂದೆ ಉಳಿಯುವುದು.

ಎತೆಲ್ಕಾ ನನ್ನ ಹಳೆಯ ಸಮವಸ್ತ್ರದ ಕೋಟು ಹೊದ್ದು ಬಂದಳು.
'ಎಲ್ಲಿ, ತೋರಿಸು.'
ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ ಇದೆ, ಆಗುವುದಿಲ್ಲ ಅಂದೆ.
'ಹಾಗಾದರೆ ಇಷ್ಟು ಹೊತ್ತು ನೀನು ಏನು ನೋಡುತ್ತಿದ್ದೆ?'
ಉತ್ತರ ಹೊಳೆಯಲಿಲ್ಲ.
ಕನ್ನಡಿಯ ಇಬ್ಬನಿ ಒಣಗಿಸಲು ತಂದ ಅವಳ ಹೇರ್ ಡ್ರೈಯರ್
ಆಗಲೇ ಅವಳ ಕಣ್ಣಿಗೆ ಬೀಳಬೇಕೆ!

ಕಡೆಗೆ ಮುಚ್ಚಳ ಹಾಕಿ ಬರೀ ಕತ್ತಲೆಯದೂ ನಲವತ್ತು ತೆಗೆದೆ.
ಕ್ಯಾಮೆರಾ ತನ್ನೊಳಗೇ ಹುಟ್ಟಿಸಿಕೊಳ್ಳುವ ಸುಳ್ಳು ಚುಕ್ಕೆ
ಅದರಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ಕಳೆಯಬಹುದು.
'ಏನೂ ಇಲ್ಲದ್ದಕ್ಕೂ ಫೋಟೋವೇ?' ಎಂದು ಅವಳು ಒಳಗೆ ಹೋದಳು,
ಡ್ರೈಯರ್ ಎತ್ತಿಕೊಂಡು.

ಏಳುನೂರ ಹನ್ನೆರಡರಲ್ಲಿ ಉಳಿದದ್ದು ಮುನ್ನೂರ ಐದು.
ಬೆಳಗಾಗುವವರೆಗೆ ಕಂಪ್ಯೂಟರ್ ಒಂದರ ಮೇಲೊಂದು ಪೇರಿಸಿತು.
ಕೂಡಿದರೆ ಆರು ನಿಮಿಷ ಚಿಲ್ಲರೆ ಬೆಳಕು;
ಬೆಳಗಿನ ಪ್ಯಾಸೆಂಜರ್ ತಡವಾಗುವುದೇ ಅದಕ್ಕಿಂತ ಹೆಚ್ಚು.
ಅಂಚೆಲ್ಲ ಓರೆಕೋರೆ, ಕುಡಿದವನು ಜೋಡಿಸಿದ ಇಸ್ಪೀಟಿನ ಕಟ್ಟು.
ನಡುವೆ ಗುಲಾಬಿ ಹೊಗೆ,
ಹೊಗೆಗೆ ಒಂದು ರೆಕ್ಕೆ.

ಎತೆಲ್ಕಾ ಕನ್ನಡಕ ಹುಡುಕಿ ತಂದು ನೋಡಿದಳು.
ಬಹಳ ಹೊತ್ತು ನೋಡಿದಳು.
'ನಾಳೆ ಆ ಕ್ಯಾಮೆರಾ ಕಳಚಿಡು,
ನನಗೂ ಒಂದೂಕಾಲು ಸೆಕೆಂಡು ಬೇಕು.'

ರೇಡಿಯೋದಲ್ಲಿ ನಾಳೆ ಮೋಡ ಅಂದಿದ್ದಾರೆ.
ನಾನು ಹೇಳಲಿಲ್ಲ.