ಅಮ್ಘರಾದ ನಳಿಗೆ

ಜೂನಿನಲ್ಲಿ ನಾಲ್ಕೂವರೆಗೇ ಟಾರ್ಚ್ ಹಚ್ಚುತ್ತೇವೆ.
ಒಂಬತ್ತರ ಮೇಲೆ ಕಬ್ಬಿಣ ಮುಟ್ಟಗೊಡುವುದಿಲ್ಲ.
ಅಮ್ಘರಾದ ಗುಜರಿಯಲ್ಲಿ ಇವತ್ತು ನನ್ನ ಪಾಲಿಗೆ ಬಂದದ್ದು
ಒಂದು ತೋಪಿನ ನಳಿಗೆ:
ನನ್ನ ಅಳತೆಗೆ ನಾಲ್ಕು ಮಾರು, ಗೇಣು ಕಮ್ಮಿ.
ಯಾವುದೋ ಶೆಡ್ಡಿನ ಹಿಂದೆ ಮೂವತ್ತು ವರ್ಷ
ಬಾಯಲ್ಲಿ ಮರಳು ತುಂಬಿಕೊಂಡು ಬಿದ್ದಿತ್ತಂತೆ.

ನಮ್ಮ ಕಲಬುರಗಿ ಕೋಟೆಯ ಮೇಲೂ ಒಂದಿದೆ, ಇದಕ್ಕಿಂತ ಉದ್ದ.
ಅದರ ಬೆನ್ನೇರಿ ಚುರುಮುರಿ ತಿಂದು ಜಾರಿದವರು ನಾವು.
ಅದು ಹಾರಿದ್ದನ್ನು ಕೇಳಿದವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ;
ಉದ್ದವೇ ಅದರ ಕೀರ್ತಿ.

ಗೇಟು ಕಾಯುವ ಅಜೀಲ್ ಚಹಾದ ಲೋಟ ಹಿಡಿದು ಬಂದ.
ಒಂದು ಕಾಲಕ್ಕೆ ಇಲ್ಲಿನ ಫೌಜಿನಲ್ಲಿ ತೋಪಿಗೆ ಗುಂಡು ತುಂಬಿದವ,
ಈಗ ಯಾವ ದೇಶದ ಕಾಗದವೂ ಇಲ್ಲದವ.
ಈಯಲಾರದ ಹಸುವಿನೊಳಗೆ ತಡಕುವ ಹಾಗೆ
ಮೊಣಕೈವರೆಗೆ ಕೈಯಿಟ್ಟು ತಡಕಿ
"ಸವೆದಿದೆ" ಅಂದ.

"ಇದು ಅವರದ್ದು. ನಮ್ಮದು ಎಷ್ಟು ಕತ್ತೆತ್ತಿದರೂ
ಇದರ ಅರ್ಧ ದಾರಿಗೇ ಉಸಿರು ಬಿಡುತ್ತಿತ್ತು.
ಹೊಟ್ಟೆ ಉರಿಯುತ್ತಿತ್ತು ನಮಗೆ.
ಆಮೇಲೆ ತಿಳಿಯಿತು, ದೂರ ಪುಕ್ಕಟೆ ಸಿಗುವುದಲ್ಲ.
ಒಂದು ಚೀಲ ಮದ್ದು ಹೆಚ್ಚಿಗೆ ಹಾಕು, ಒಳಗಿನ ಗೀರು ಅಳಿಯುತ್ತದೆ,
ಎಳೆ ಪ್ರಾಯದಲ್ಲೇ ನಳಿಗೆ ಮುದಿಯಾಗುತ್ತದೆ.
ಉದ್ದ ಮಾಡು, ಬಿಸಿಲಿಗೆ ಮೂತಿ ಜೋಲುತ್ತದೆ,
ಎಳೆಯುವ ಲಾರಿ ಮರಳಲ್ಲಿ ಕೂರುತ್ತದೆ.
ಗುಂಡಿನ ಬುಡಕ್ಕೆ ಹೊಗೆಯ ಡಬ್ಬಿ ಕೂರಿಸು,
ಇನ್ನೆರಡು ಹರದಾರಿ ಹೋದೀತು;
ಆ ಡಬ್ಬಿಗೆ ಜಾಗ ಎಲ್ಲಿಂದ? ಅದರ ಹೊಟ್ಟೆಯ ಮದ್ದಿನಿಂದಲೇ.
ಇಷ್ಟೆಲ್ಲ ಮಾಡಿ ತಲುಪುವ ಹೊತ್ತಿಗೆ
ಗಾಳಿ ಅದಕ್ಕೆ ಬೇರೆ ವಿಳಾಸ ಕೊಟ್ಟಿರುತ್ತದೆ."

ನನಗೆ ಹುಸೇನಬಿ ನೆನಪಾದಳು, ನನ್ನ ದಾದಿ.
ಜೋಳ ಹಾಲುದೆನೆಗೆ ಬಂದಾಗ ಮಂಚಿಕೆ ಹತ್ತಿಸಿ
ನನ್ನ ಕೈಗೆ ಕವಣೆ ಕೊಟ್ಟು ಹೇಳಿದ್ದಳು:
‘ಸಣ್ಣ ಕಲ್ಲು ದೂರ ಹೋಗ್ತದ, ಗಿಣಿ ನಗ್ತಾವ.
ದೊಡ್ಡದು ಹಾಕಿದ್ರ ನಿನ್ನ ರಟ್ಟಿ ಹೋಗ್ತದ.
ಕಾಣೂದಕ್ಕ ಹೊಡಿ. ಕಾಣದ್ದಕ್ಕ ಹೋ ಅನ್ನು, ಸಾಕು.’

ಹರಕು ಅರಬಿಯಲ್ಲಿ ಅಜೀಲನಿಗೆ ಇದನ್ನು ದಾಟಿಸಿದೆ,
ಹೋ ಎಂಬುದನ್ನು ಮಾತ್ರ ಇದ್ದಂತೆಯೇ ಕೂಗಿ ತೋರಿಸಿದೆ.
ನಕ್ಕ. ನಗು ಅರ್ಧಕ್ಕೇ ನಿಂತಿತು.

"ಕಾಣುವವ ಒಬ್ಬ ಬೇಕಲ್ಲ," ಅಂದ.
"ತೋಪು ಹಿಂದಕ್ಕೆ ಸರಿದಷ್ಟೂ ಕಣ್ಣು ಮುಂದೆ ಹೋಗಬೇಕು.
ಒಂದು ದುರ್ಬೀನು, ರೇಡಿಯೋ, ಒಂದು ಕ್ಯಾನು ನೀರು,
ಮುತ್ಲಾ ದಿಬ್ಬದ ಮೇಲೆ ನನ್ನ ತಮ್ಮ ಸುವೈಲಿಹ್.
ಇನ್ನೂರು ಇಳಿಸು ಅಂದ. ಇಳಿಸಿದೆವು.
ನೂರು ಇಳಿಸು ಅಂದ.
ಆಮೇಲೆ ಐವತ್ತು.
ಅದನ್ನೂ ಇಳಿಸಿದೆವು."
ಲೋಟದ ತಳದ ಸಕ್ಕರೆಯನ್ನು ತಿರುಗಿಸುತ್ತಲೇ ಇದ್ದ.

ಫೋರ್ಮನ್ ಕೂಗಿದ: ಮೀಟರಿಗೊಂದು ತುಂಡು,
ಕುಲುಮೆಯ ಬಾಯಿ ಅಷ್ಟೇ ಅಗಲ.
ಕತ್ತರಿಸಿದೆ. ಒಂದೊಂದು ಸುತ್ತು ಮುಗಿದಾಗಲೂ
ಒಳಗಿಂದ ಮರಳು ಸುರಿಯಿತು, ಮೂರನೆಯದರಲ್ಲಿ
ಕಣಜದ ಮಣ್ಣುಗೂಡು, ಇಡಿಯಾಗಿ.
ತಕ್ಕಡಿ ಕಿಲೋ ಹೇಳಿತು. ಹರದಾರಿ ಕೇಳಲಿಲ್ಲ.

ಬಾಯಿಯ ಕಡೆಯ ಒಂದು ಗೇಣು ತನಗಿರಲಿ ಅಂದ ಅಜೀಲ್.
ನಲವತ್ತು ಕಿಲೋ ತೂಗಿತು; ಅವನ ಸಂಬಳದಲ್ಲಿ ಮುರಿದುಕೊಂಡರು.
ಇಬ್ಬರೂ ಉರುಳಿಸಿಕೊಂಡು ಹೋಗಿ
ಅವನ ತಗಡಿನ ಗೂಡಿನ ಬಾಗಿಲಿಗೆ ಒತ್ತಿಟ್ಟೆವು.

ಮಧ್ಯಾಹ್ನ ಧೂಳುಗಾಳಿ ಎದ್ದಿತು.
ಅಂಗಳದ ತಗಡುಗಳೆಲ್ಲ ಬಡಿದುಕೊಂಡವು,
ಆ ಬಾಗಿಲೊಂದು ಅಲುಗಲಿಲ್ಲ.
ಅವನು ನಳಿಗೆಯ ತುಂಡಿನ ಮೇಲೆ ಕೂತು
ದಿಬ್ಬವಿರುವ ಕಡೆ ನೋಡುತ್ತಿದ್ದ;
ಹತ್ತು ಮಾರಿನಾಚೆ ಏನೂ ಇರಲಿಲ್ಲ.
ತುಸು ಹೊತ್ತಾದ ಮೇಲೆ
ಹೋ, ಅಂದ. ಮೆಲ್ಲಗೆ,
ನಮ್ಮ ಹೊಲದ ಭಾಷೆಯಲ್ಲಿ.