ಕಳೆ

ಸಲ್ಮಾಬಾದಿನ ಮೂರನೇ ಗಲ್ಲಿ, ಶೆಡ್ಡು ನಲವತ್ತೊಂದು.
ತಗಡಿನ ಬಾಗಿಲು ಎಳೆದರೆ ಕಿರುಚುತ್ತದೆ.
ಒಳಗೆ ಹೂವಿನ ಬೆಡ್‌ಶೀಟು ಹೊದ್ದು ಮಲಗಿದೆ
ಎಪ್ಪತ್ತೊಂದರ ಇಟಾಲಿಯನ್ ಗಾಡಿ,
ಎರಡೇ ಬಾಗಿಲು, ಮಡಿಚುವ ಛಾವಣಿ.

‘ಈ ದ್ವೀಪದಲ್ಲಿ ಇದೊಂದೇ’ ಅನ್ನುತ್ತಾರೆ ಬದ್ರಿಯಾ.
ಇರಬಹುದು.
ನನ್ನ ಕಸುಬಿನಲ್ಲಿ ಅಪರೂಪ ಎಂದರೆ
ಆ ಕಾಲಕ್ಕೆ ಅದು ಯಾರಿಗೂ ಬೇಡವಾಗಿತ್ತು ಎಂದರ್ಥ.
ಜುಲೈಯಲ್ಲಿ ಸ್ಟಿಯರಿಂಗು ಮುಟ್ಟಲು ಬಟ್ಟೆ ಬೇಕಾಗುವ ಊರು;
ತಲೆ ಮೇಲಿನ ನೆರಳು ಕಿತ್ತುಕೊಳ್ಳಲು
ಎದುರು ದುಡ್ಡು ಕೊಡುವವನು ಯಾರು?

ಒಳ್ಳೆಯ ಸ್ಥಿತಿಯಲ್ಲಿದ್ದರೆ ಹದಿನಾರು ಸಾವಿರ ದಿನಾರು.
ಅಲ್ಲಿಂದ ಇಳಿಯುತ್ತ ಹೋಗುವುದು ನನ್ನ ಕೆಲಸ.

ಬಾನೆಟ್ಟಿನ ಮೇಲೆ ಮೀಟರು ಇಟ್ಟೆ. ದಪ್ಪ.
ಮೇಲಿನದು ಕೆಂಪು, ಮಗನ ಮದುವೆಗೆ ಬಳಿದದ್ದು,
ಅದರಡಿ ಬಿಳಿ,
ಎಲ್ಲಕ್ಕೂ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ,
ಉಗುರಿಗೆ ಸಿಕ್ಕಿತು ಏಲಕ್ಕಿ ಸಿಪ್ಪೆಯ ಹಸಿರು.
ಮೂಲ ಬಣ್ಣ ಇಲ್ಲ: ಕಳೆ ಎಂಟುನೂರು.

ಕೆಳಗೆ ತೂರಿದ ಗುರುಪುರದ ಹಸನಬ್ಬ
ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ,
ಹಲಸಿನಕಾಯಿ ನೋಡುವ ಹಾಗೆ.
‘ಹಣ್ಣಾಗಿದೆ ಸಾರ್, ಪೂರಾ ಹಣ್ಣು.’
ಸಮುದ್ರ ಒಳಗಿನಿಂದ ತಿಂದಿತ್ತು.
ತುಕ್ಕಿಗೆ: ಕಳೆ ಸಾವಿರದ ಇನ್ನೂರು.

ನಮ್ಮ ಭಾಷೆ ನೋಡಿ,
ಮುಖದ ಮೇಲೆ ಇದ್ದರೂ ಕಳೆ,
ಲೆಕ್ಕದಿಂದ ಹೋದರೂ ಕಳೆ.

ಇನ್ನು ಛಾವಣಿ.
ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಬೇಡ ಅಂತ
ಕಸುಬು ಕಲಿಸಿದ ಪದ್ರಾಯ ಹೇಳಿದ್ದ.
ಕಟ್ಟುವ ಮೊದಲು ಬಿಚ್ಚಬೇಕು.
ಬದ್ರಿಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು,
ಆಮೇಲೆ ಕೈಚೀಲ ನನ್ನ ಕೈಗೆ ಕೊಟ್ಟು
ತಾವೇ ಒಂದು ಕೊಂಡಿ ಹಿಡಿದರು.

ಸೀಮೆಎಣ್ಣೆ, ಸುತ್ತಿಗೆ, ಬಿಸ್ಮಿಲ್ಲಾ.
ಕಂಬಿಗಳು ಮುದುಕರ ಮೊಣಕಾಲಿನಂತೆ ಒಂದೊಂದೇ ನೆಟಿಗೆ ಮುರಿದವು,
ಕ್ಯಾನ್ವಾಸು ಹಿಂದಕ್ಕೆ ಮಡಿಚಿಕೊಂಡಿತು,
ಮಡಿಕೆಯೊಳಗಿಂದ ಹಸನಬ್ಬನ ಬಿಳಿ ಟೊಪ್ಪಿಯ ಮೇಲೆ
ಉದುರಿತು ಕಪ್ಪು.
ಮರಳಲ್ಲ. ಮಸಿ.
ಜಿಡ್ಡು ಜಿಡ್ಡಾದ, ಬೆರಳಿಗೆ ಅಂಟುವ ಮಸಿ.

‘ತೊಂಬತ್ತೊಂದು’ ಅಂದರು ಆಕೆ.
ಆ ವರ್ಷ ಬಡಗಣ ಕಡೆ ಎಣ್ಣೆಬಾವಿಗಳು ಉರಿಯುತ್ತಿದ್ದವು.
ಒಂದು ದಿನ ಹೊಗೆ ಇಲ್ಲಿಗೂ ಬಂತು.
ನಡುಮಧ್ಯಾಹ್ನ ಕೋಳಿಗಳು ಗೂಡು ಸೇರಿದವು.
ಜನ ಕಿಟಕಿ ಮುಚ್ಚಿ ಪ್ರಾರ್ಥಿಸುತ್ತಿದ್ದಾಗ
ರಾಶಿದ್ ಬಂದು ಹೇಳಿದರಂತೆ:
ಇವತ್ತು ಬಿಸಿಲಿಲ್ಲ, ಹೊರಡು.

ಇಪ್ಪತ್ತು ವರ್ಷ ಕಾದ ಗಾಡಿಗೆ ಆ ಒಂದೇ ಮಧ್ಯಾಹ್ನ.
ಬುದೈಯದವರೆಗೆ ಹೋದರು, ದೀಪ ಹಾಕಿಕೊಂಡು, ತಲೆ ತೆರೆದುಕೊಂಡು.
ಮನೆಗೆ ಬಂದು ಕನ್ನಡಿ ನೋಡಿದರೆ
ನರೆಯೆಲ್ಲ ಕಪ್ಪು, ಇಬ್ಬರದೂ,
ಮದುವೆಯಾದ ವರ್ಷದ ಹಾಗೆ.
ನಕ್ಕರು. ಕೆಮ್ಮಿದರು.
ಆಕೆ ವಾರಕ್ಕೆ ಬಿಟ್ಟರು, ಆತ ಬಿಡಲಿಲ್ಲ.

ಫಾರಮ್ಮಿನಲ್ಲಿ ಇದಕ್ಕೆ ಜಾಗ ಕಿರಿದು.
ಛಾವಣಿ: ಕೆಲಸ ಮಾಡುತ್ತದೆ.
ಒಳಮೈ: ಕಲೆ.
ಕೊಳ್ಳುವವನು ಬಟ್ಟೆ ಬದಲಿಸುತ್ತಾನೆ: ಮುನ್ನೂರ ಐವತ್ತು.
ಹೇಳಲು ಹಿಂಜರಿದೆ. ಅವರು ಹಿಂಜರಿಯಲಿಲ್ಲ.
‘ಕಳೆಯಿರಿ’ ಅಂದರು, ‘ತೊಳೆಯಬೇಡಿ.’

ಹದಿಮೂರು ಸಾವಿರದ ಆರುನೂರ ಐವತ್ತು.
ಅಂಕಿಯಲ್ಲಿ ಬರೆದು ಕಾಗದ ಒತ್ತಿ ಹಿಡಿದಾಗ
ಕೊನೆಯ ಸೊನ್ನೆಯ ಪಕ್ಕ ನನ್ನ ಹೆಬ್ಬೆಟ್ಟಿನ ಮಸಿ
ಇನ್ನೊಂದು ಸೊನ್ನೆಯಾಗಿ ಕೂತಿತು.
ಹತ್ತು ಪಟ್ಟು.
ಕಂಪನಿ ಒಪ್ಪುವುದಿಲ್ಲ; ಬೇರೆ ಫಾರಂ ತರಲು ನನ್ನ ಕಾರಿಗೆ ಹೋದೆ.

ವಾಪಸು ಬರುವಾಗ ಹಸನಬ್ಬ ಛಾವಣಿ ಎಳೆಯಲು ನಿಂತಿದ್ದ,
ಅವರು ಬೇಡವೆಂದು ಕೈ ಆಡಿಸಿದರು.
ಬ್ಯಾಟರಿ ಇಲ್ಲದ, ಗಾಳಿ ಇಳಿದ ಗಾಡಿಯಲ್ಲಿ
ಕೂತಿದ್ದರು ಬದ್ರಿಯಾ,
ಸ್ಟಿಯರಿಂಗು ಇಲ್ಲದ ಕಡೆ,
ಶೆಡ್ಡಿನ ತಗಡು ನೋಡುತ್ತ.