ಜಾಲರಿ

ಗುತ್ತಲು ರಸ್ತೆಯಲ್ಲಿ, ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಎದ್ದು ನಿಂತರೆ ಯಾರದೋ ಮಹಡಿ ತಲೆಗೆ ತಾಗುತ್ತದೆ,
ಹಾಗಾಗಿ ಮಂಡ್ಯದಲ್ಲಿ ಹನ್ನೊಂದು ವರ್ಷದಿಂದ ಕೂತೇ ಇದ್ದೇನೆ.

ಆವತ್ತು ಬಂದವಳು ಪುಟ್ಟಚೆನ್ನಮ್ಮ,
ಕೀಲಾರದ ಕಡೆ ಆಲೆಮನೆಯಲ್ಲಿ ಅಚ್ಚಿಗೆ ಬೆಲ್ಲ ಸುರಿಯುವವಳು.
ಸೆರಗಿನ ಗಂಟಿನಿಂದ ಫೋನು ಬಿಚ್ಚಿ
ಕೋಳಿಮರಿ ಇಟ್ಟ ಹಾಗೆ ಮೇಜಿನ ಮೇಲಿಟ್ಟಳು.
'ನಮ್ಮಕ್ಕ ಇದ್ರೊಳಗೆ ಕಂಬಳಿ ಹೊದ್ಕಂಡು ಮಾತಾಡ್ತಾಳೆ ಕಣಪ್ಪ.
ಬೈದ್ರೆ ಬೈದಂಗೂ ಕೇಳಾಕಿಲ್ಲ.
ಮೂರು ವರ್ಸದ ಜಗಳ, ಅರ್ಧಂಬರ್ಧ ಕೇಳುಸ್ಕಂಡು
ಎಂಗಪ್ಪ ಉತ್ತರ ಕೊಡದು?'

ಕಂಪನಿಗೂ ಮಾಡಿದ್ದಳಂತೆ.
ಕನ್ನಡಕ್ಕಾಗಿ ಎರಡು ಒತ್ತಿ ಅಂದರು, ಒತ್ತಿದಳು.
ನಿಮ್ಮ ಕರೆ ನಮಗೆ ಅಮೂಲ್ಯ ಅಂದರು, ಇರಬಹುದು ಅಂದುಕೊಂಡಳು.
ಪಿಟೀಲು ಕೇಳಿಸಿದರು,
ಒಂದು ಕೊಪ್ಪರಿಗೆ ಹಾಲು ಪಾಕಕ್ಕೆ ಬರುವಷ್ಟು ಹೊತ್ತು.
ಆಮೇಲೊಬ್ಬ ಹುಡುಗಿ, ಎಲ್ಲಿಯವಳೋ, ಪಾಠ ಒಪ್ಪಿಸಿದಳು:
ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ,
ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.
ಮಾಡಿದಳು. ಹುಡುಗಿ ಹೋದಳು.
ಅಕ್ಕ ಕಂಬಳಿಯೊಳಗೇ ಉಳಿದಳು.
'ಪಾಪ, ಅದ್ರ ಫೋನೂ ಕೆಟ್ಟಿತ್ತೇನೋ,
ನಾ ಅಂದಿದ್ದು ಒಂದೂ ಕೇಳಿಸ್ದಂಗಿರ್ಲಿಲ್ಲ.'

ಬಿಚ್ಚಿದೆ.
ಕಿವಿಗೆ ತಾಗುವ ಕಡೆಯ ಜಾಲರಿ, ಭತ್ತದ ಕಾಳಿನಷ್ಟು,
ಕಣ್ಣುಕಣ್ಣಿಗೂ ಕಂದು ಕಟ್ಟಿತ್ತು.
ಲೆನ್ಸಿನಡಿ ನೋಡಿದೆ. ಮೂಸಿದೆ.
ಬೆಲ್ಲ.
ಆವಿಯಲ್ಲಿ ಬಂದು ಕೂತದ್ದು, ಬೆರಳಿಂದ ಇಳಿದದ್ದು,
ಮೂರು ಹಂಗಾಮಿನದು.

ಸ್ಪೀಕರ್ ಹೋಗಿದೆ, ಆರುನೂರಾಗುತ್ತದೆ ಅನ್ನಬಹುದಿತ್ತು.
ಬೇರೆಯವರಿಗೆ ಅಂದದ್ದೂ ಇದೆ, ಸುಳ್ಳು ಯಾಕೆ.
ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಉಜ್ಜಿದೆ, ಬಗ್ಗಲಿಲ್ಲ.
ಬೆಲ್ಲಕ್ಕೆ ಬಿಸಿನೀರೇ ಆಗಬೇಕು.
ಪಕ್ಕದ ಟೀ ಅಂಗಡಿಯ ಅಂಕರಾಜು ಅರ್ಧ ಲೋಟ ಕೊಟ್ಟ,
ಜಾಲರಿಯನ್ನಷ್ಟೇ ಕಿತ್ತು ಅದ್ದಿದೆ.
ನೀರು ನಿಧಾನಕ್ಕೆ ಬಣ್ಣ ತಿರುಗಿತು.

ಈಗ ಮಾಡು ಅಂದೆ.

ಪಾಂಡವಪುರದಿಂದ ಅಕ್ಕ ಬಂದಳು, ಕಂಬಳಿ ಬಿಸಾಕಿ.
ಅವ್ವನ ಓಲೆ, ಹಿತ್ತಾಳೆ ಹಂಡೆ,
ಯಾರದೋ ಮದುವೆಯಲ್ಲಿ ಎಲೆಗೆ ಬೀಳದ ಒಬ್ಬಟ್ಟು,
ಒಂದೊಂದೂ ಆಗತಾನೆ ಸಾಣೆ ಹಿಡಿದ ಹಾಗೆ.
ಚಾರ್ಜರ್ ಕೊಳ್ಳಲು ಬಂದ ಹುಡುಗ ಬಾಯಿಬಿಟ್ಟು ನಿಂತ.
ಪುಟ್ಟಚೆನ್ನಮ್ಮನ ಮುಖ ನೋಡಬೇಕಿತ್ತು!
'ಕೇಳ್ತದೆ, ಕೇಳ್ತದೆ' ಅಂತ ನನಗೆ ಕೈಮಾಡಿ
ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರು ಹಚ್ಚಿದಳು.

ನಡುವೆ ಎಲ್ಲೋ ಅಕ್ಕ ನಿಂತಳು.
ಲೈನು ಕಟ್ಟಾಗಿರಲಿಲ್ಲ.
ಬರೀ ಉಸಿರು, ಉಸಿರಿನ ತುದಿಗೆ ಸಣ್ಣ ಸಿಳ್ಳು.
ಮತ್ತೆ ಉಸಿರು, ಮತ್ತೆ ಸಿಳ್ಳು.
ಇವಳು ಫೋನನ್ನು ದೂರ ಹಿಡಿದು ನೋಡಿ
ಮತ್ತೆ ಕಿವಿಗೆ ಒತ್ತಿಕೊಂಡಳು.
'ಯಾವಾಗಿಂದ ಹಿಂಗೆ?'
'ಏನು?'
'ಉಬ್ಸ ಕಣಕ್ಕ.'
'ವರ್ಸಾಯ್ತು. ಯೋಳಿದ್ನಲ್ಲ ನಿಂಗೆ.'

ಐವತ್ತು ಕೊಟ್ಟಳು,
ಅದರಲ್ಲೂ ಹತ್ತು ಚೌಕಾಸಿ ಮಾಡಿ ಇಸಕೊಂಡಳು.
ರಸ್ತೆ ತನಕ ಹೋದವಳು ತಿರುಗಿ ಬಂದು
'ಒಸಿ ಕಮ್ಮಿ ಮಾಡಾಕಾಯ್ತದಾ ಇದ್ನ? ಇಷ್ಟೊಂದು ಬ್ಯಾಡ' ಅಂದಳು.
ಪಕ್ಕದ ಗುಂಡಿ ತೋರಿಸಿದೆ.
ಅವಳು ಕೇಳಿದ್ದು ಅದಲ್ಲ, ನನಗೂ ಗೊತ್ತಿತ್ತು.
ಕೈಯಲ್ಲಿ ಫೋನು ಟಿಣ್ ಅಂದಿತು, ಕಂಪನಿ:
ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ?
ಓದಲು ಬಾರದವಳು ನನ್ನ ಮುಖ ನೋಡಿದಳು. ಏನಿಲ್ಲ ಅಂದೆ.
ಪಾಂಡವಪುರದ ಬಸ್ಸು ಎಷ್ಟೊತ್ತಿಗೆ ಅಂತ
ಅಂಕರಾಜುವನ್ನು ಕೇಳುತ್ತಿದ್ದದ್ದು ಆಮೇಲೆ ಕೇಳಿಸಿತು.

ಮೊದಲೆಲ್ಲ ರಿಪೇರಿಯಾದ ಫೋನಿಗೆ
ಹಲೋ ಹಲೋ ಅಂದು ನೋಡುತ್ತಿದ್ದೆ.
ಈಗ ಇನ್ನೊಂದು ಫೋನನ್ನು ಅಂಕರಾಜುವಿನ ಕೈಗೆ ಕೊಟ್ಟು
ಏನೂ ಮಾತಾಡಬೇಡ ಅನ್ನುತ್ತೇನೆ.
ಇವನಿಗೆ ಹುಚ್ಚು ಅಂದುಕೊಂಡು ಅವನು ಒಲೆಯ ಪಕ್ಕ ನಿಲ್ಲುತ್ತಾನೆ.
ಹಾಲು ಉಕ್ಕಿ ಬರುವ ಸದ್ದು ಇಲ್ಲಿಗೆ ಕೇಳಿಸಿದರೆ
ಪಾಸು.